ಎತ್ತದೆ ಉಳಿದ ಕೈ

ಕಿವಿ ಪರೀಕ್ಷೆಗೆ ಬಂದು ಕೂತಿದ್ದ ದರ್ಜಿಗೆ ಪಕ್ಕದ ಮುದಿ ಅಣ್ಣತಂಗಿಯರ ಮಾತು ಮಾತ್ರ ಅಕ್ಷರ ಬಿಡದೆ ಕೇಳಿಸಿತು. ಅಲ್ಲಿನ ರೇಡಿಯೋದಲ್ಲಿ ‘ಸೋಲ್’ ಎಂಬ ಸಂಗೀತ ಶೈಲಿಯ ಹಳೆಯ ಹಾಡೊಂದು ಆಗಷ್ಟೇ ಮುಗಿದಿತ್ತು.

“ಯಾರ ಹೆಸರು ಹೇಳಿದ್ರು ಕಣೇ?”

“ಹಾಡಿದವನದು.”

“ಬರೆದ ನಿನ್ನ ಹೆಸರು?”

“ರೆಕಾರ್ಡಿನ ಮೇಲೇ ಇಲ್ಲದ್ದು ಅವರ ಬಾಯಿಗೆ ಎಲ್ಲಿಂದ ಬರ್ಬೇಕು, ಅಣ್ಣ?”

“ಅದನ್ನ ರೆಕಾರ್ಡ್ ಮಾಡಿಸಿದವನು ನಾನು ಕಣೇ. ಹಾಡಿನ ನಡುವಿನ ಚಪ್ಪಾಳೆ ತುಂಬಿ ಮೊಳಗಲಿ ಅಂತ ಎಲ್ಲರನ್ನೂ ಸ್ಟುಡಿಯೋದ ಮೆಟ್ಟಿಲ ಮೇಲೆ ನಿಲ್ಲಿಸಿದ್ದೆ.”

“ಹೂಂ, ಚಪ್ಪಾಳೆಗೆ ಅಷ್ಟು ಮುತುವರ್ಜಿ! ಕಂಪನಿಯವರು ‘ಬರೆದವಳ ಹೆಸರು ಬಿಡೋಣ, ಒಪ್ಪದವರು ಕೈ ಎತ್ತಿ’ ಅಂದಾಗ ನಿನ್ನ ಕೈ ಜೇಬಿನಲ್ಲಿತ್ತು.”

ಅಷ್ಟರಲ್ಲಿ ನರ್ಸ್ ಅಣ್ಣನ ಬಳಿ ಬಂದಳು.

“ಬನ್ನಿ ಅಜ್ಜ. ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು, ಅಷ್ಟೇ.”

“ಈಗ ಎತ್ತಿ ಏನು ಬಂತಮ್ಮ,” ಎನ್ನುತ್ತ ಅವನು ಎದ್ದ.

ತಂಗಿ ತೋಳು ಹಿಡಿದು ಒಳಗೆ ನಡೆಸಿದಳು.