ಕತ್ತಲಲ್ಲಿ ಮಲಗಿಸಿದ ಚಿತ್ರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ರೂಢಿಯಿಲ್ಲ. ಸುಮ್ಮನಿರಬೇಕಾದ ಕಡೆ ವಿವರಿಸುತ್ತೇನೆ, ಹೆದರಿಸಬೇಕಾದ ಕಡೆ ಹೆದರಿಸಲು ಬರುವುದಿಲ್ಲ. ಆದರೆ ಇದು ನಡೆದದ್ದು. ನಮ್ಮ ದೊಡ್ಡಮ್ಮನ ಮಗ ಶಿವರಾಜನಿಗೇ ಆದದ್ದು.

ಅವತ್ತು ರಾತ್ರಿ ಶಿವರಾಜ ಜಯನಗರದ ಮ್ಯೂಸಿಯಂಗೆ ಬೀಗ ಹಾಕಿ, ಬನಶಂಕರಿ ಕಡೆಗೆ ನಡೆದೇ ಹೊರಟ. ಕೊನೇ ಬಸ್ಸು ಹೋಗಿಬಿಟ್ಟಿತ್ತು. ಪಾರ್ಕಿನ ಮೂಲೆಯಲ್ಲಿ ಒಂದು ಆಲದ ಮರ. ಅದರ ಪಕ್ಕ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಅಲ್ಲಿಗೆ ಬಂದಾಗ ಹಿಂದೆ ಸದ್ದಾಯಿತು.

ಟಪ್... ಸರ್ರ್. ಟಪ್... ಸರ್ರ್.

ಒಂದು ಚಪ್ಪಲಿ ನೆಲಕ್ಕೆ ಬಿದ್ದು, ಇನ್ನೊಂದು ಚಪ್ಪಡಿಕಲ್ಲಿನ ಮೇಲೆ ಎಳೆದುಕೊಂಡು ಬರುವ ಸದ್ದು. ಆ ನಡಿಗೆ ಯಾರದೆಂದು ಶಿವರಾಜನಿಗೆ ಗೊತ್ತಿತ್ತು. ಎಡಗಾಲು ಎಳೆದು ನಡೆಯುತ್ತಿದ್ದ ನೀಲಗಂಗಮ್ಮನದು. ಅವರನ್ನು ಅವತ್ತೇ ಮಧ್ಯಾಹ್ನ ಮಣ್ಣು ಮಾಡಿದ್ದರು.

ಇಲ್ಲಿ ಸ್ವಲ್ಪ ವಿವರಿಸಲೇಬೇಕು. ಇಲ್ಲದಿದ್ದರೆ ಅವರು ಯಾಕೆ ಬಂದರು ಅನ್ನುವುದೇ ತಿಳಿಯುವುದಿಲ್ಲ.

ಮ್ಯೂಸಿಯಂನ ಕಟ್ಟಡ ಕಾರ್ಪೊರೇಷನ್ನಿನದು. ಗೋಡೆಯ ಮೇಲಿನ ಚಿತ್ರಗಳು ಊರಿನವು, ಅಂದರೆ ನಮ್ಮ ನಿಮ್ಮೆಲ್ಲರ ಸ್ವತ್ತು. ನಡೆಸುವುದು ಮಾತ್ರ ಒಂದು ಟ್ರಸ್ಟು, ಲಾಭಕ್ಕಲ್ಲ. ದಾನಿಗಳನ್ನು ಕಾಡಿ ಬೇಡಿ ತಂದು ಸಂಬಳ ಕೊಡುವುದು, ಸೋರುವ ಛಾವಣಿ ಸರಿಮಾಡಿಸುವುದು, ತೇವ ಹೀರುವ ಮಷಿನ್ನಿಗೆ ಕರೆಂಟು ಬಿಲ್ಲು ಕಟ್ಟುವುದು, ಸರ್ಕಾರಿ ಶಾಲೆಯ ಮಕ್ಕಳನ್ನು ಪುಕ್ಕಟೆ ಕರೆತರುವುದು ಎಲ್ಲ ಟ್ರಸ್ಟಿನ ಪಾಲು. ನಾವು ಮೂರು ಮನೆಯ ಅಳಿಯಂದಿರು ಕಣೋ, ಊಟದ ಹೊತ್ತಿಗೆ ಮೂರೂ ಮನೆಗೆ ಬೀಗ, ಅಂತ ವಾಚ್‌ಮನ್ ಕೊಟ್ರಪ್ಪ ನಗುತ್ತಿದ್ದ.

ನೀಲಗಂಗಮ್ಮ ಫೋರ್ತ್ ಬ್ಲಾಕಿನಲ್ಲಿ ಸೀರೆಗೆ ಫಾಲ್ ಹೊಲಿಯುತ್ತಿದ್ದವರು. ಟ್ರಸ್ಟು ಭಾನುವಾರ ನಡೆಸುವ ಚಿತ್ರದ ಕ್ಲಾಸಿಗೆ ಅವರ ಮಗಳು ಶ್ರೀದೇವಿ ಬರುತ್ತಿದ್ದಳು. ಅಲ್ಲಿಗೆ ಬಂದ ಕಲಾವಿದರೊಬ್ಬರು ಅವಳನ್ನು ಕೂರಿಸಿ ಜಲವರ್ಣದಲ್ಲಿ ಬರೆದು, ಚಿತ್ರವನ್ನು ಮ್ಯೂಸಿಯಂಗೇ ಕೊಟ್ಟುಹೋದರು. ಕೊಟ್ಟ ಮೇಲೆ ಅದು ಊರಿನದು. ಮುಂದಿನ ಮಳೆಗಾಲದಲ್ಲಿ ಡೆಂಗಿ ಬಂದು ಮಗು ಹೋಯಿತು.

ಮನೆಯಲ್ಲಿ ಫೋಟೋಗಳಿದ್ದವು. ಆದರೆ ಫೋಟೋದಲ್ಲೆಲ್ಲ ಅವಳು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ಚಿತ್ರದಲ್ಲಿ ಮಾತ್ರ ಮನೆಯಲ್ಲಿ ಇರುತ್ತಿದ್ದ ಹಾಗೆ ಇದ್ದಳು. ನೀಲಗಂಗಮ್ಮ ದಿನಾ ಮಧ್ಯಾಹ್ನ ಬಂದು ಅದರ ಮುಂದೆ ಕೂರುತ್ತಿದ್ದರು. ಆ ಕೋಣೆಯ ಕಾವಲು ಶಿವರಾಜನದು. ಕುರ್ಚಿ ಅವನೇ ಹಾಕಿಕೊಡುತ್ತಿದ್ದ.

ತೊಂದರೆ ಏನೆಂದರೆ, ಜಲವರ್ಣಕ್ಕೆ ಬೆಳಕು ಆಗದು. ಬೆಳಕು ಬಣ್ಣವನ್ನು ತಿಂದುಹಾಕುತ್ತದೆ. ಕೆಲವು ತಿಂಗಳು ಗೋಡೆಯ ಮೇಲಿದ್ದರೆ, ಆಮೇಲೆ ಬಹಳ ಕಾಲ ಕತ್ತಲಲ್ಲಿ ಮಲಗಿಸಬೇಕು. ಹಾಗೆ ಅದನ್ನು ಇಳಿಸಿ, ಒಳಗಿನ ಸ್ಟೋರಿನ ಸ್ಟೀಲ್ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಶಿವರಾಜ ಆ ತಾಯಿಗೆ ಎಲ್ಲ ಬಿಡಿಸಿ ಹೇಳಿದ. ಟ್ರಸ್ಟಿನವರು ಪಾಪ, ಒಂದು ಪ್ರಿಂಟ್ ತೆಗೆಸಿ ಕೊಟ್ಟರು. ನೀಲಗಂಗಮ್ಮ ಮಾರನೇ ದಿನ ಅದನ್ನು ವಾಪಸ್ ತಂದು, ಇದು ಅವಳಲ್ಲ ಎಂದರು. ಆಮೇಲೆ ಮೆಲ್ಲಗೆ ಒಂದೇ ಮಾತು ಕೇಳಿದರು.

"ಕತ್ತಲಲ್ಲಾ ಇಟ್ಟಿದೀರ? ಅವಳಿಗೆ ಕತ್ತಲೆ ಅಂದ್ರೆ ಭಯ ಕಣಪ್ಪ."

ಮತ್ತೆ ಅವರು ಬರಲಿಲ್ಲ. ಎದೆನೋವಂತೆ. ಮಣ್ಣು ಮಾಡಿದ ದಿನ ಸಂಜೆ ದಾನಿಗಳ ಕೂಟಕ್ಕೆಂದು ಜ್ಯೂಸ್ ಲೋಟ ಜೋಡಿಸುತ್ತಿದ್ದಾಗ ಕೊಟ್ರಪ್ಪ ಬಂದು ಸಾವಿನ ಸುದ್ದಿ ಹೇಳಿದ್ದ. ಆ ಕೂಟ ಮುಗಿಸಿಯೇ ಶಿವರಾಜ ಬೀಗ ಹಾಕಿ ಹೊರಟದ್ದು.

ಸರಿ... ಬಾವಿಯ ಹತ್ತಿರ ಇದ್ದೆವಲ್ಲ.

ಶಿವರಾಜ ತಿರುಗಿ ನೋಡಲಿಲ್ಲ. ನಿಂತ. ಸದ್ದೂ ನಿಂತಿತು. ಜೇಬಿನಲ್ಲಿ ಕೀ ಗೊಂಚಲು ಸಣ್ಣಗೆ ಕಿಣಿಕಿಣಿ ಎನ್ನುತ್ತಿತ್ತು.

"ಕೀ ಕೊಡಪ್ಪ."

ಪಿಸುಮಾತು. ಕಿವಿಯ ಹತ್ತಿರ ಅಲ್ಲ... ಕೆಳಗಿನಿಂದ, ಕೂತವರು ಕೇಳಿದ ಹಾಗೆ.

"ನಂದಲ್ಲಕ್ಕ. ಕೀ ಟ್ರಸ್ಟಿಂದು."

"ಚಿತ್ರ?"

"ಊರಿಂದು."

ಮೇಲೆ ಆಲದ ಎಲೆ ಕೂಡ ಅಲುಗಲಿಲ್ಲ.

"ಮಗು?"

ಶಿವರಾಜನಿಗೆ ಕೊಟ್ಟುಬಿಡಲೇ ಎನ್ನಿಸಿತಂತೆ. ಕೈ ಜೇಬಿಗೂ ಹೋಯಿತು. ಆದರೆ ಕೊಟ್ಟರೆ ಅವರು ಮಗುವನ್ನು ಬೆಳಕಿಗೆ ತರುತ್ತಾರೆ. ತಂದರೆ ಇರುವ ಅಷ್ಟೂ ಮಾಸಿಹೋಗುತ್ತದೆ.

"ಬೆಳಕಿಗೆ ಬಂದ್ರೆ ಅವಳು ಅಳಿಸಿಹೋಗ್ತಾಳೆ ಅಕ್ಕ," ಎಂದ. "ನೀವೇ ಹೋಗಿ ಜೊತೇಲಿರಿ."

ಉಸಿರು ಬಿಟ್ಟಂತೆ ಒಂದು ಸದ್ದು. ಆಮೇಲೆ... ಟಪ್... ಸರ್ರ್. ಮ್ಯೂಸಿಯಂ ಕಡೆಗೆ ತಿರುಗಿ, ದೂರವಾಗುತ್ತಾ ಹೋಯಿತು. ಶಿವರಾಜ ಮನೆಗೆ ಬಂದು ಬೆಳಗಿನವರೆಗೂ ಅತ್ತ. ಹೆದರಿಕೆಗೆ ಅಲ್ಲವಂತೆ.

ಬಹಳ ತಿಂಗಳಾದ ಮೇಲೆ, ಚಿತ್ರವನ್ನು ಮತ್ತೆ ಗೋಡೆಗೆ ಹಾಕಲು ಡ್ರಾಯರ್ ತೆಗೆದರು. ಟ್ರಸ್ಟಿನ ಕಾರ್ಯದರ್ಶಿ ಶಾಂತಲಾ ಮೇಡಂ ಎದುರೇ ಇದ್ದರು. ಬಣ್ಣ ಎಳ್ಳಷ್ಟೂ ಮಾಸಿರಲಿಲ್ಲ. ಆದರೆ ಚಿತ್ರದ ನೆತ್ತಿಗೆ ಸರಿಯಾಗಿ, ಮೇಲಿನ ತಗಡಿಗೆ ಒಳಗಡೆಯಿಂದ ಗುಂಡಗೆ ಕಪ್ಪು ಮಸಿ ಹಿಡಿದಿತ್ತು. ದೀಪ ತುಂಬಾ ದಿನ ಉರಿದರೆ ಗೂಡಿನ ನೆತ್ತಿಗೆ ಹಿಡಿಯುತ್ತದಲ್ಲ, ಹಾಗೆ. ಮೇಡಂ ಬೆರಳಲ್ಲಿ ಮುಟ್ಟಿ ಮೂಸಿ ನೋಡಿದರು. ಹರಳೆಣ್ಣೆ, ಎಂದರು. ಕಾಗದಕ್ಕೆ ಒಂದು ಕಿಡಿಯೂ ಸೋಕಿರಲಿಲ್ಲ.

ಸುಳ್ಳಲ್ಲ. ಮಸಿ ಈಗಲೂ ಇದೆ, ಒರೆಸಬೇಡಿ ಎಂದಿದ್ದಾರಂತೆ ಮೇಡಂ. ನಾನೇ ಹೋಗಿ ನೋಡಿ ಬಂದಿದ್ದೇನೆ. ಬೀಗ ಒಡೆದಿರಲಿಲ್ಲ. ಡ್ರಾಯರಿನ ಎತ್ತರ ನಾಲ್ಕು ಬೆರಳೂ ಇಲ್ಲ, ಮುಚ್ಚಿದರೆ ಒಳಗೆ ಗಾಳಿಯೂ ಆಡದು. ಗಾಳಿಯಿಲ್ಲದೆ ದೀಪ ಉರಿಯುವುದಿಲ್ಲ, ಯಾಕೆಂದರೆ ದೀಪಕ್ಕೆ... ಇರಿ, ಒಳಗಿಂದ ಅಮ್ಮ ಕರೆಯುತ್ತಿದ್ದಾರೆ...