ಒಳಗೇ ತುಂಬಿ ಬಂದ ಕನ್ನಡ

ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದ ಗೌತಮಿ ಟೀಚರ್ ಪಕ್ಕ ಇಬ್ಬರು ಗೆಳೆಯರು ಬಂದು ಕುಳಿತರು. ನಾಗರಾಜುವಿನದು ಕಂಪ್ಯೂಟರ್ ಅಂಗಡಿ. ರಘುನಂದನ್ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತಿದ್ದವನು. ಇಬ್ಬರೂ ಅವಳಿಗೆ ಮುಖಪರಿಚಯ.

"ಆಪೀಸು ಮುಚ್ಬುಟ್ಟೆ ಕಣ್ಲಾ," ಎಂದ ರಘುನಂದನ್.

"ನಿನ್ ಸಾಫ್ಟ್‌ವೇರು ಚೆನ್ನಾಗೇ ಇತ್ತಲ್ಲ," ಎಂದ ನಾಗರಾಜು.

"ನೀನೇ ತಗಳೋದು ನಿಲ್ಸಿದ್ಯಲ್ಲ."

"ಏನ್ಲಾ ಮಾಡ್ಲಿ? ಕಂಪ್ಯೂಟರ್ ಒಳಗೇ ಕಂಪ್ನಿಯೋರು ಅವರ್ದೇ ಕನ್ನಡ ಟೈಪಿಂಗ್ ತುಂಬಿ ಕಳಿಸ್ತಾರೆ. ಬಿಟ್ಟಿ ಇರೋವಾಗ ಇನ್ನೊಂದ್ಯಾಕೆ ಅಂತಾರೆ ಜನ."

"ಅದ್ರಲ್ಲಿ ಒತ್ತಕ್ಷರ ನೆಟ್ಟಗೆ ಬತ್ತದಾ?"

"ಎಲ್ಲಿ ಬತ್ತದೆ? ಲಗ್ನಪತ್ರಿಕೆ ಮಾಡೋರು ಬೈಕೊಂಡೇ ಟೈಪ್ ಮಾಡ್ತಾರೆ."

"ಬೈಕೊಂಡ್ರೂ ನನ್ ತಾವ್ಕೆ ಬರಕಿಲ್ಲ."

"ಅದ್ನ ತೆಗ್ದು ನಿಂದು ಆಕೋಣ ಅಂತ ನೋಡ್ದೆ. ತೆಗೆಯೋಕೇ ಬುಡಲ್ಲ ಕಣ್ಲಾ."

ರಘುನಂದನ್ ನಕ್ಕ. ಆ ನಗು ಕೇಳಲಾಗದೆ ಗೌತಮಿ ಮುಖ ತಿರುಗಿಸಿದಳು.

"ಸೋತಿದ್ರೆ ಒಪ್ಕತಿದ್ದೆ ಕಣ್ಲಾ. ಪಂದ್ಯಕ್ಕೇ ಕರೀನಿಲ್ಲ."

ಮೈಸೂರು ಬಸ್ಸು ಬಂದು ನಿಂತಿತು. ರಘುನಂದನ್ ಎದ್ದು ಚೀಲ ಹೆಗಲಿಗೇರಿಸಿದ.

"ಮೈಸೂರ್ಗೆ ಯಾಕ್ಲಾ?"

"ಇಂಟರ್ವ್ಯೂಗೆ. ಅವರ ಒತ್ತಕ್ಷರ ಸರಿ ಮಾಡೋಕೆ ಜನ ಬೇಕಂತೆ, ಅದೇ ಕಂಪ್ನಿಯೋರ್ಗೆ."

ನಾಗರಾಜು ಬಸ್ಸಿನ ಬಾಗಿಲವರೆಗೂ ಅವನ ಜೊತೆ ನಡೆದ.