ಕಿಟಕಿ ಕೆಳಗಿನ ಸೌದೆ

ಸೊಣ್ಣಪ್ಪನದು ಕದ್ದು ಕೇಳುವ ಬುದ್ಧಿಯಲ್ಲ. ಆದರೆ ದೊಡ್ಡಬೆಳವಂಗಲದ ಸೌದೆ ಡಿಪೋದಲ್ಲಿ ಸರದಿಗೆ ನಿಂತಿದ್ದಾಗ ಮುಂದಿದ್ದ ಇಬ್ಬರು ಹೆಂಗಸರ ಮಾತು ತಾನಾಗಿಯೇ ಅವನ ಕಿವಿಗೆ ಬಿತ್ತು.

"ಏನ್ ವರಲಕ್ಷ್ಮಕ್ಕ, ಒಂದು ಟ್ರಾಕ್ಟರ್ ಲೋಡೇ ಹೇಳ್ಬಿಟ್ಯಲ್ಲ?"

"ಹೂಂ ಕಣೆ ಪ್ರಮೋದಾ. ಸೋಮವಾರ ಅತ್ತೆ ತಿಥಿ. ಅಡುಗೆಗೆ ಬೇಕಲ್ಲ."

"ಪಾಪ, ಈ ಸಲದ ಚಳಿ ತಡೀಲಿಲ್ಲ ಅವರು."

"ಹಾಸಿಗೆ ಹಿಡಿದಾಗಿಂದ ಅದೇ ಕೇಳ್ತಿದ್ರು. ಒಂದು ಲೋಡ್ ತರಿಸಿ ನನ್ನ ಕಿಟಕಿ ಕೆಳಗೆ ಒಟ್ಟಿಸೇ, ಕೋಣೇಲಿ ಯಾವಾಗ್ಲೂ ಕೆಂಡ ಇರ್ಲಿ ಅಂತ."

"ತರಿಸ್ಬೋದಿತ್ತಲ್ಲಕ್ಕ?"

"ಮುದುಕಿ ಇನ್ನೂ ಉಸಿರಾಡ್ತಿರೋವಾಗ್ಲೇ ಸೊಸೆ ತಿಥಿ ಅಡುಗೆಗೆ ಸೌದೆ ಹೊಂಚವ್ಳೆ ಅಂತ ಊರೋರು ಆಡ್ಕೊಳಲ್ವಾ? ಅದಕ್ಕೇ ಹೆದರ್ಕೊಂಡು ದಿನಾ ಒಂದೊಂದೇ ಹೊರೆ ತಂದೆ. ಬೆಳಗಿನ ಜಾವಕ್ಕೆ ಕೆಂಡ ಆರೋಗ್ತಿತ್ತು."

"ಅವರೇನಾದ್ರೂ ಅಂದ್ರಾ?"

"ಏನೂ ಅನ್ಲಿಲ್ಲ. ಇನ್ನೊಂದು ಕಂಬಳಿ ಇದ್ರೆ ಹೊದಿಸೇ ಅಂದ್ರು, ಅಷ್ಟೇ."

ಟ್ರಾಕ್ಟರ್ ತುಂಬಿತ್ತು. ಸೌದೆ ಎಲ್ಲಿ ಇಳಿಸಬೇಕೆಂದು ಡ್ರೈವರ್ ಕೂಗಿ ಕೇಳಿದ.

"ಅತ್ತೆ ಕಿಟಕಿ ಕೆಳಗೇ ಇಳಿಸಪ್ಪ," ಎಂದ ವರಲಕ್ಷ್ಮಮ್ಮ ಟ್ರಾಕ್ಟರಿನ ಹಿಂದೆ ನಡೆದುಹೋದಳು.